ಸೀರೆಯುಟ್ಟ ನಾಲ್ಕು ಭಂಗಿ ಗಿಡ

ಕಳೆದ ತಿಂಗಳು ಒಂದು ಭಾನುವಾರ ಬೆಳಗ್ಗೆ ಅಮೆರಿಕದ ಶೋರ್‌ಲೈನಿನ ಹೊಸ ರೈಲು ನಿಲ್ದಾಣದಲ್ಲಿ ನಿಂತಿದ್ದೆ. ಟೋಪಿಯೊಳಗೆ ಮುಖ ಹುದುಗಿಸಿಕೊಂಡ ಒಬ್ಬ ನನ್ನ ಪಕ್ಕದಲ್ಲೇ ಹಾದುಹೋದ. ಅವನು ಹೋದ, ಭಂಗಿಯ ವಾಸನೆ ಉಳಿಯಿತು. ಕೊಳೆತ ಹಲಸಿನ ಹಣ್ಣಿನ ಮೇಲೆ ನಿಂಬೆ ಹಿಂಡಿ, ಸುಟ್ಟ ಟೈರಿಗೆ ಒರೆಸಿದರೆ ಹೇಗಿರುತ್ತೋ ಹಾಗೆ. ಈ ಊರಲ್ಲಿ ಅದು ವಿಶೇಷವೇನಲ್ಲ, ಬಸ್‌ ಸ್ಟಾಪಿಗೊಂದು ಸಿಗುತ್ತೆ. ಆದರೆ ನಾನು ನಿಂತಿದ್ದ ಜಾಗ ವಿಶೇಷ. ನಿಲ್ದಾಣದ ಗೋಡೆ ಏಳುವ ಮೊದಲು ಅಲ್ಲಿ ಗಿರಿಜಕ್ಕನ ಹಿತ್ತಿಲಿತ್ತು. ನನ್ನ ಅಂದಾಜಿನಲ್ಲಿ ಟಿಕೆಟ್ ಯಂತ್ರ ಇರುವಲ್ಲಿ ಎರಡನೇ ಗಿಡ ಇತ್ತು.

ಅಷ್ಟರಲ್ಲಿ ಜೇಬಿನಲ್ಲಿ ಫೋನು ಗುರುಗುಟ್ಟಿತು. ಹೆಮ್ಮಾಡಿಯಿಂದ ಶಾರದಕ್ಕ. ಭಾನುವಾರ ಬೆಳಗ್ಗೆ ಎಂಟಕ್ಕೆ, ಅಂದರೆ ಅವರಿಗೆ ರಾತ್ರಿ ಊಟ ಮುಗಿದು ಬಾಯಿ ತೊಳೆದ ಹೊತ್ತಿಗೆ, ಅವರು ಫೋನ್ ಮಾಡ್ತಾರೆ. ನಾನು ತೆಗೆಯಲಿಲ್ಲ. ಬಡಿದುಕೊಂಡು ಸುಮ್ಮನಾಯಿತು. ಯಾಕೆ ತೆಗೆಯಲಿಲ್ಲ ಅಂತ ಹೇಳಬೇಕಾದರೆ ೨೦೧೭ರ ಬೇಸಿಗೆಯನ್ನೇ ಹೇಳಬೇಕು.

ಆಗ ನನಗೆ ಇಪ್ಪತ್ತನಾಲ್ಕು. ಮೈಸೂರಿಂದ ಬಂದು ಇಲ್ಲೇ ಹತ್ತಿರದ ಕೆಂಟ್ ಊರಿನ ಒಂದು ಶೆಡ್ಡಿನಲ್ಲಿ ವಿಮಾನದ ಬಿಡಿಭಾಗಗಳ ತೂತು ಅಳೆಯುತ್ತಿದ್ದೆ. ತೂತು ಸರಿಯಾಗಿದೆ, ತೂತು ಸರಿಯಾಗಿಲ್ಲ: ಇಷ್ಟು ಹೇಳುವುದಕ್ಕೆ ನನ್ನನ್ನು ಅಷ್ಟು ದೂರದಿಂದ ಕರೆಸಿಕೊಂಡಿದ್ದರು. ದೇವರು ನನಗೆ ಕೊಟ್ಟದ್ದು ಒಂದೇ ವಿದ್ಯೆ, ಅದೂ ಕದಿಯುವ ವಿದ್ಯೆ. ಯಾರ ದನಿಯಾದರೂ ಸರಿ, ಎರಡು ದಿನ ಕೇಳಿದರೆ ಮೂರನೇ ದಿನ ನನ್ನ ಗಂಟಲಲ್ಲಿ ಇರುತ್ತೆ. ಕೆಮ್ಮಿ ಕೆಮ್ಮಿ ಮಾತು ಶುರುಮಾಡುವ ನಮ್ಮ ಸೂಪರ್‌ವೈಸರ್, ಮೂಗಲ್ಲಿ ಪಾಠ ಮಾಡುತ್ತಿದ್ದ ಹೆಡ್‌ಮಾಸ್ಟರು, ಜಿಪಿಎಸ್ಸಿನ ಹೆಂಗಸು, ಎಲ್ಲರೂ ಒಳಗೆ ಬಾಡಿಗೆಗಿದ್ದರು. ನನ್ನದೇ ದನಿ ಮಾತ್ರ ಎಲ್ಲೋ ಬಿದ್ದುಹೋಗಿತ್ತು. ಫೋನ್ ಮಾಡಿದರೆ ಅಮ್ಮ ಇವತ್ತಿಗೂ ಮೊದಲು "ಯಾರು?" ಅಂತಲೇ ಕೇಳ್ತಾಳೆ.

ನಾನು ಮಾತ್ರ ಬಾಡಿಗೆಗಿದ್ದದ್ದು ಗಿರಿಜಕ್ಕನ ಮನೆಯ ನೆಲಮಾಳಿಗೆಯಲ್ಲಿ. ಅರವತ್ತು ದಾಟಿದ ಹೆಂಗಸು. ಗಂಡ ಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿಲ್ಲ. ಶಾಲೆಯೊಂದರ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ ಅಮೆರಿಕದ ಮಕ್ಕಳಿಗೆ ಪಿಜ್ಜಾ ಬಡಿಸಿ ನಿವೃತ್ತಿ ಆಗಿದ್ದರು. ಊರು ಕುಂದಾಪುರದ ಹತ್ತಿರ ಹೆಮ್ಮಾಡಿ, ಮನೆತನದ ಬೆಳೆ ಸೇವಂತಿಗೆ. ಅವರ ಕುಂದಾಪುರದ ಕನ್ನಡ ಕೇಳಿ ಮೊದಲ ದಿನ ನಾನು ಪೆಚ್ಚುಪೆಚ್ಚಾಗಿ ತಲೆಯಾಡಿಸಿದೆ. ವಾರದೊಳಗೆ ಅದನ್ನು ಕದ್ದೆ.

ಒಂದು ಸಂಜೆ ಮೆಟ್ಟಿಲ ಕೆಳಗಿನಿಂದ "ಗಿರಿಜಕ್ಕಾ" ಅಂತ ಕೂಗಿದೆ. ಉತ್ತರವಿಲ್ಲ. ಮತ್ತೆ ಕೂಗಿದೆ. ಇಲ್ಲ. ಕಿವಿ ಮಂದ ಇರಬೇಕು ಅಂದುಕೊಂಡು ಮೂರನೇ ಸಲ ಗಟ್ಟಿಯಾಗಿ ಕೂಗಿದರೆ ತಕ್ಷಣ "ಹೋ" ಅಂದರು.

"ಮೊದಲನೇ ಸಲವೇ ಕೇಳಿಸಿತ್ತಲ್ಲವಾ ನಿಮಗೆ?"

"ಕೇಣ್ತ್ ಮಾಣಿ. ಒಂದನೇ ಕರೆಗೂ ಎರಡನೇ ಕರೆಗೂ ಓಗೊಡುಕಾಗ. ಮನುಷ್ಯರಾದ್ರೆ ಮೂರ್ ಸಲ ಕರೀತ್ರ್. ಮತ್ತೊಂದಕ್ಕೆ ಎರಡಕ್ಕಿಂತ ಹೆಚ್ಚ್ ಕರೆಯುಕೆ ಬತ್ತಿಲ್ಲೆ."

"ಮತ್ತೊಂದು ಅಂದರೆ?"

"ನಿನ್ನ ಹಾಂಗಿದ್ದದ್ದೇ. ಬೇರೆಯವ್ರ ಸ್ವರ ಮಾಡುದ್."

ನಕ್ಕುಬಿಟ್ಟೆ. ಆಮೇಲೆ ಅವರೆದುರೇ ಅವರ ಮಿಮಿಕ್ರಿ ಮಾಡಿದೆ: ಸೊಂಟದ ಮೇಲೆ ಕೈ, ಗಂಟಲಲ್ಲಿ ಸಣ್ಣ ಬಿರುಕು, ಕೊನೆಗೆ "ಹೋ." ಗಿರಿಜಕ್ಕ ಪರೀಕ್ಷಕರ ಥರ ತಲೆ ವಾಲಿಸಿ ಕೇಳಿದರು. "ಎಲ್ಲ ಸರಿ. ಹೋ ಅಂಬುದ್ ಉದ್ದ ಆಯ್ತ್. ನಂದ್ ಗಿಡ್ಡ ಹೋ." ಮತ್ತೆ ಮಾಡಿದೆ, ಮತ್ತೆ ಉದ್ದವಾಯಿತು. ಎಷ್ಟು ಮಾಡಿದರೂ ಆ ಒಂದಕ್ಷರ ಮಾತ್ರ ನನ್ನ ಗಂಟಲಿಗೆ ಸಿಗಲಿಲ್ಲ.

ಮೇ ತಿಂಗಳಲ್ಲಿ ಅವರ ದನಿಯ ಬಿರುಕು ಅಗಲವಾಯಿತು. ಆಸ್ಪತ್ರೆಯಿಂದ ಬಂದವರು ಚಪ್ಪಲಿ ಬಿಡುತ್ತಾ, ಹಾಲು ಮುಗಿದಿದೆ ಅನ್ನುವ ಹಾಗೆ ಹೇಳಿದರು: ಗಂಟಲಲ್ಲಿ ಗಡ್ಡೆ, ಕೆಟ್ಟದ್ದೇ. ಮೊದಲು ಕೀಮೋ ಮತ್ತು ರೇಡಿಯೇಶನ್, ಸೆಪ್ಟೆಂಬರ್ ಕೊನೆಗೆ ಸರ್ಜರಿ. ಸರ್ಜರಿಯಲ್ಲಿ ಧ್ವನಿಪೆಟ್ಟಿಗೆಯೇ ಹೋಗುತ್ತೆ. ಡಾಕ್ಟರ್ ಒಂದೇ ಷರತ್ತು ಹಾಕಿದ್ದರು. ತೂಕ ಇಳಿಯಬಾರದು. ತಕ್ಕಡಿ ನೂರು ಪೌಂಡಿನ ಕೆಳಗೆ ಹೋದರೆ ಹೊಟ್ಟೆಗೆ ನಳಿಗೆ, ಸರ್ಜರಿ ಮುಂದಕ್ಕೆ. ಗಡ್ಡೆ ಮಾತ್ರ ಯಾವುದನ್ನೂ ಮುಂದಕ್ಕೆ ಹಾಕುವುದಿಲ್ಲ.

"ಜನವರಿಗೆ ಊರಿಗೆ ಹೋಪುದ್, ಸೇವಂತಿಗಿ ಹೊತ್ತಿಗೆ" ಅಂದರು. "ಅಲ್ಲಿ ತನ್ಕ ಅಕ್ಕಂಗೆ ಗೊತ್ತಾಪುಕಾಗ. ಅವ್ಳ ಎದೆ ಅಷ್ಟ್ ಗಟ್ಟಿ ಇಲ್ಲೆ."

ಅಕ್ಕ ಅಂದರೆ ಶಾರದಕ್ಕ. ಅವರಿಗಿಂತ ಹತ್ತು ವರ್ಷ ದೊಡ್ಡವರು, ಹೆಮ್ಮಾಡಿಯಲ್ಲಿ ತಮ್ಮನ ಮನೆ ಪಕ್ಕದಲ್ಲೇ ಇದ್ದು ಇನ್ನೂ ಸೇವಂತಿಗೆ ಗದ್ದೆಗೆ ಇಳಿಯುವವರು. ಅಕ್ಕತಂಗಿ ಭಾನುವಾರದ ಫೋನು ತಪ್ಪಿಸಿದ್ದೇ ಇಲ್ಲ.

ಜೂನ್ ಶುರುವಿನಲ್ಲೇ ಮೊದಲ ಕೀಮೋ ಆಯಿತು. ಅನ್ನದ ವಾಸನೆ ಬಂದರೆ ವಾಂತಿ. ಹಸಿವಾಗಲಿ ಅಂತ ಡಾಕ್ಟರೇ ಭಂಗಿಯ, ಅಂದರೆ ಗಾಂಜಾದ, ಕಾಗದ ಬರೆದುಕೊಟ್ಟರು. ಅಂಗಡಿಯಲ್ಲಿ ಸಿಗುವ ಭಂಗಿ ಮಿಠಾಯಿ ಅವರ ಗಂಟಲಲ್ಲಿ ಇಳಿಯಲಿಲ್ಲ. ತುಪ್ಪಕ್ಕೆ ಹಾಕಿ ಗಂಜಿಯಲ್ಲಿ ಕಲಸಿದರೆ ಇಳಿಯಬಹುದು ಅಂದರು ಗಿರಿಜಕ್ಕ. ಕಾಗದದ ಪ್ರಕಾರ ಮನೆಯಲ್ಲಿ ನಾಲ್ಕು ಗಿಡ ಬೆಳೆಯಬಹುದು. ಹೂವಿನ ಮನೆಯ ಮಗಳಿಗೆ ಇನ್ನೇನು ಬೇಕು?

ಬೀಜ ಕೊಟ್ಟ ಗಡ್ಡದವನು ಎರಡು ಥರ ತೋರಿಸಿದ. ಒಂದು ನಮ್ಮ ಸೇವಂತಿಗೆ ಹಾಗೆ, ಹಗಲು ಗಿಡ್ಡ ಆಗುವ ತನಕ ಕಾದು ಆಮೇಲೆ ಮೊಗ್ಗು ಹಿಡಿಯುವಂಥದ್ದು. ಈ ಊರಲ್ಲಿ ಅದು ಕೊಯ್ಲಿಗೆ ಬರುವಷ್ಟರಲ್ಲಿ ಅಕ್ಟೋಬರ್ ಮಳೆ ಹಿಡಿದು ಬೂಷ್ಟು ಬರುತ್ತೆ. ಇನ್ನೊಂದು ತಾನಾಗಿ ಹೂಬಿಡುವ ತಳಿ. ಹಗಲು ಉದ್ದವೋ ಗಿಡ್ಡವೋ ಅದಕ್ಕೆ ಬೇಕಿಲ್ಲ. ಮೊಳಕೆಯೊಡೆದ ದಿನದಿಂದ ತನ್ನ ವಯಸ್ಸನ್ನು ತಾನೇ ಎಣಿಸಿಕೊಂಡು ಸುಮಾರು ತೊಂಬತ್ತು ದಿನಕ್ಕೆ ಮುಗಿಸಿಬಿಡುತ್ತೆ. ನಾಲ್ಕು ಬೀಜ ಅವರ ಅಂಗೈಗೆ ಹಾಕಿ, "ಸೊಂಟದೆತ್ತರ ಬರಬಹುದು, ಅಷ್ಟೇ" ಅಂದ.

ಗಿರಿಜಕ್ಕ ಕಾರಿನಲ್ಲಿ ಕೂತು ಬೀಜ ನೋಡುತ್ತಲೇ ಇದ್ದರು. "ಸೂರ್ಯನ್ ಕೇಣದೆ ಹೂ ಬಿಡುದಾ? ಹೆದ್ರಿಕೆ ಆತ್ತ್ ಮಾಣಿ" ಅಂದರು. ಸ್ವಲ್ಪ ದೂರ ಹೋದ ಮೇಲೆ, "ಆದ್ರೆ ನಂಗೂ ಅಕ್ಟೋಬರ್ ತನ್ಕ ಕಾಯುಕೆ ಪುರ್ಸೊತ್ತಿಲ್ಲೆ."

ನನ್ನ ಪಾತ್ರ ಸಣ್ಣದು. ವೀಸಾದವನು, ಆ ಗಿಡ ಮುಟ್ಟಿದರೆ ಎಲ್ಲಿ ವಿಮಾನ ಹತ್ತಿಸುತ್ತಾರೋ ಅಂತ ಭಯ. ಹಾಗಾಗಿ ದೂರ ನಿಂತು ಪೈಪು ಹಿಡಿಯುತ್ತಿದ್ದೆ. ನೀರು ಹಾಕಿದ್ದು ನಾನಲ್ಲ, ಪೈಪು. ಜೀವಮಾನವೆಲ್ಲ ಬೇರೆಯವರ ಭಂಗಿ ಅನುಕರಿಸಿದವನು ಕೊನೆಗೆ ಭಂಗಿ ಕಾಯುವ ಹಾಗಾಯಿತಲ್ಲ ಅಂತ ನನ್ನನ್ನೇ ಗೇಲಿ ಮಾಡಿಕೊಂಡೆ.

ಗಿಡ ಬೆಳೆಯಿತು. ಬೆಳೆದದ್ದು ಅನ್ನುವುದಕ್ಕಿಂತ ಎದ್ದು ನಿಂತಿತು ಅನ್ನಬೇಕು. ಜುಲೈ ಮೊದಲ ವಾರದಲ್ಲಿ, ಒಂಬತ್ತೂವರೆಯಾದರೂ ಬೆಳಕು ಆರದ ಆ ಉದ್ದುದ್ದ ದಿನಗಳಲ್ಲಿ, ಸೊಂಟದ ಮಟ್ಟಕ್ಕೆ ಬಂದು ಗಂಟುಗಂಟಿನಲ್ಲೂ ಮೊಗ್ಗಿನ ಬಿಳಿ ಕೂದಲು ತೋರಿಸಿತು. ಮೊಗ್ಗು ಬಂದ ಮೇಲೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಎದೆ ದಾಟಿತು, ನನ್ನ ತಲೆ ದಾಟಿತು, ಆರಡಿ ಬೇಲಿಯ ಮೇಲೆ ಕತ್ತು ಚಾಚಿತು. ತೆಳ್ಳಗೆ, ಉದ್ದಕ್ಕೆ, ಸಣ್ಣ ಬೆರಳಿನಂಥ ಎಲೆಗಳು. ಗಾಳಿ ಇಲ್ಲದಾಗ ನಾಲ್ಕರಲ್ಲಿ ಒಂದು ಮಾತ್ರ ಅಲ್ಲಾಡುತ್ತಿತ್ತು. ಯಾವುದು ಅಂತ ನೋಡಲು ತಿರುಗಿದರೆ ನಿಲ್ಲುತ್ತಿತ್ತು. ಇದನ್ನು ಗಿರಿಜಕ್ಕನಿಗೆ ಹೇಳಿದ್ದಕ್ಕೆ, "ನೀನ್ ಎಲೆ ಗಿಲೆ ತಿಂದ್ಯಾ ಎಂತದ?" ಅಂತ ಕೇಳಿದರು.

ಪಕ್ಕದ ಮನೆಯಲ್ಲಿ ವಿಜಯವಾಡದ ರಾವ್ ಗಾರು ಇದ್ದರು. ಮಗನ ಮನೆಗೆ ಬಂದು ಬೇಜಾರಾಗಿ ದಿನಕ್ಕೆ ನಾಲ್ಕು ಸಲ ಬೇಲಿ ಮೇಲಿಂದ ಇಣುಕುವ ಹಿರಿಯರು. ಒಂದು ದಿನ ಕಣ್ಣು ಅರಳಿಸಿ, "ಬಾಬೂ, ಗೋಂಗೂರಾ!" ಅಂದರು. ನಾವು ಪುಂಡಿ ಸೊಪ್ಪು ಅನ್ನುತ್ತೀವಲ್ಲ, ಅದೇ. ಎಲೆ ನೋಡಿದರೆ ನಿಜವಾಗಿ ಹಾಗೇ ಇದೆ. ಪಚ್ಚಡಿ ಮಾಡಿಸ್ತೀನಿ, ಒಂದು ಕಟ್ಟು ಕೊಡಮ್ಮಾ ಅಂತ ಬೇಲಿ ಮೇಲಿಂದ ಕೈ ಚಾಚಿಯೇಬಿಟ್ಟರು. ಗಿರಿಜಕ್ಕ ಅಷ್ಟೇ ಗಂಭೀರವಾಗಿ "ಹುಳ ಬಿದ್ದಿದೆ, ಮದ್ದು ಹೊಡೆದಿದೀವಿ" ಅಂದರು. ನಾನು ಅಡುಗೆಮನೆಗೆ ಓಡಿ, ಆ ಪಚ್ಚಡಿ ತಿಂದ ರಾವ್ ಗಾರು ಊಟದ ಮೇಲೆ ಊಟ ಹಾಕಿಸಿಕೊಂಡು ತೇಲುತ್ತಾ ತೆಲುಗು ಪದ್ಯ ಹೇಳುವುದನ್ನು ಅವರದೇ ದನಿಯಲ್ಲಿ ಅಭಿನಯಿಸಿದೆ. ಗಿರಿಜಕ್ಕ ನಕ್ಕರು. ನಗು ಅರ್ಧದಲ್ಲಿ ಗಾಳಿಯಾಯಿತು. ಅವರ ದನಿ ಇದ್ದ ನಗು ನಾನು ಕೇಳಿದ್ದು ಅದೇ ಕೊನೆ.

ಗಿಡ ಹೊರಗಿನವರಿಗೆ ಕಾಣಬಾರದು ಅಂತ ಕಾನೂನು ಬೇರೆ ಇತ್ತು. ಅದಕ್ಕೆ ಗಿರಿಜಕ್ಕ ಟ್ರಂಕಿನಿಂದ ಹಳೆಯ ಸೀರೆ ತೆಗೆದರು. ಕೋಲು ನೆಟ್ಟು ಒಂದೊಂದು ಗಿಡಕ್ಕೆ ಒಂದೊಂದು ಸುತ್ತಿದೆವು. ಹಸಿರು, ನೇರಳೆ, ಇಟ್ಟಿಗೆ ಬಣ್ಣ, ಒಂದು ಕೆನೆಬಿಳಿ. ಮೇಲೆ ಬಿಸಿಲಿಗೆ ತೆರೆದದ್ದು, ಸುತ್ತ ಮರೆ. ಮುಗಿಸಿ ಹಿಂದೆ ಸರಿದು ನೋಡಿದೆವು. ನಾಲ್ಕು ಹೆಂಗಸರು ಹಿತ್ತಿಲಲ್ಲಿ ನಮಗೆ ಬೆನ್ನುಮಾಡಿ ನಿಂತಿದ್ದರು.

ಎರಡು ದಿನ ಬಿಟ್ಟು ಕೀಮೋದಿಂದ ಜ್ವರ ಬಂದು ಗಿರಿಜಕ್ಕನನ್ನು ಆಸ್ಪತ್ರೆಯಲ್ಲೇ ಉಳಿಸಿಕೊಂಡರು. ಅವರನ್ನು ನೋಡಿಕೊಂಡು ಸಂಜೆ ವಾಪಸ್ ಬಂದಾಗ ರಾವ್ ಗಾರು ಗೇಟಿನ ಹತ್ತಿರ ಕಾದಿದ್ದರು. "ಮೀ ಇಂಟಿಕಿ ಚುಟ್ಟಾಲು ವಚ್ಚಾರಾ?" ಮನೆಗೆ ನೆಂಟರು ಬಂದಿದ್ದಾರಾ ಅಂತ.

"ಇಲ್ಲವಲ್ಲ."

"ಹಿಂದೆ ಹೆಂಗಸರು ನಿಂತಿದ್ರು ಬಾಬೂ. ಕರೆದೆ, ತಿರುಗಿ ನೋಡಲಿಲ್ಲ. ಐದು ಜನ."

"ನಾಲ್ಕು."

"ಐದು" ಅಂತ ಬೆರಳು ಮಡಚಿ ತೋರಿಸಿದರು. ಕನ್ನಡಕ ಬದಲಾಯಿಸಿ ರಾವ್ ಗಾರೂ ಅಂತ ತಮಾಷೆ ಮಾಡಿ ಒಳಗೆ ಬಂದೆ. ಹಿತ್ತಿಲಿನ ಕಿಟಕಿಯ ಪರದೆ ಎಳೆದುಕೊಂಡೆ. ಆ ದಿನ ನೀರು ಹಾಕಲಿಲ್ಲ. ಪೈಪಿಗೂ ಧೈರ್ಯ ಇರಲಿಲ್ಲ.

ಆಗಸ್ಟಿಗೆ ಹೊಗೆ ಬಂತು. ಗಡಿಯಾಚೆ ಕೆನಡಾದ ಕಾಡು ಉರಿದ ಹೊಗೆ. ಅಷ್ಟು ದಿನದಿಂದ ಒಂದು ಹನಿ ಮಳೆ ಇರಲಿಲ್ಲ, ಮಳೆಗೇ ಹೆಸರಾದ ಊರಲ್ಲಿ. ಸೂರ್ಯ ಕುಂಕುಮದ ಬೊಟ್ಟಿನಂತೆ ಮೂಡಿ ಹಾಗೆಯೇ ಮುಳುಗುತ್ತಿದ್ದ, ಬರಿಗಣ್ಣಿಂದ ನೋಡಬಹುದಿತ್ತು. ಕಾಗೆಗಳು ತಂತಿಯ ಮೇಲೆ ಬಾಯಿ ತೆರೆದು ಕೂತಿರುತ್ತಿದ್ದವು, ಕೂಗುತ್ತಿರಲಿಲ್ಲ. ಗಿರಿಜಕ್ಕನ ಗಂಟಲಿಂದಲೂ ಬರೀ ಉಸಿರು ಬರುತ್ತಿತ್ತು. ಅವರು ಚೀಟಿಯಲ್ಲಿ ಬರೆಯತೊಡಗಿದರು. ತಕ್ಕಡಿ ನೂರಾ ಎರಡಕ್ಕೆ ಬಂದು ನಿಂತಿತ್ತು.

ಭಾನುವಾರ ಫೋನಿನ ಹೊತ್ತಿಗೆ ಅವರು ನನ್ನ ಮುಂದೆ ಒಂದು ಚೀಟಿ ಇಟ್ಟರು. "ನನ್ನ ಸ್ವರ ಮಾಡು."

"ಏನಂದ್ರಿ? ಅಯ್ಯೋ, ನನ್ನ ಕೈಲಾಗಲ್ಲ ಗಿರಿಜಕ್ಕ. ಅದು ತಮಾಷೆಗೆ ಮಾಡ್ತಿದ್ದಿದ್ದು."

ಅವರು ಪೆನ್ನು ತೆಗೆದುಕೊಂಡು ಕೆಳಗೆ ಸೇರಿಸಿದರು: "ಈಗ ತಮಾಷೆ ಅಲ್ಲ."

ಫೋನು ಸ್ಪೀಕರಿಗೆ ಹಾಕಿ ನಡುವೆ ಇಟ್ಟೆವು. ರಿಂಗಾಯಿತು. ಅತ್ತಲಿಂದ ಮಂದ್ರವಾದ ದನಿ. "ಗಿರಿಜಾ..."

"ಹೋ, ಅಕ್ಕಾ" ಅಂದೆ, ತಕ್ಷಣ.

ಗಿರಿಜಕ್ಕ ನನ್ನ ತೊಡೆ ಚಿವುಟಿದರು. ಒಂದೇ ಕರೆಗೆ ಓಗೊಟ್ಟುಬಿಟ್ಟಿದ್ದೆ. ಅರವತ್ತು ವರ್ಷದಲ್ಲಿ ಆ ಹೆಂಗಸು ಮಾಡದೇ ಇದ್ದ ತಪ್ಪನ್ನು ನಾನು ಮೊದಲ ಉಸಿರಿಗೇ ಮಾಡಿದ್ದೆ. ಅತ್ತ ಹೆಮ್ಮಾಡಿಯ ಕಪ್ಪೆಗಳು ವಟಗುಟ್ಟುವುದು ಸಮುದ್ರದಾಚೆಯಿಂದ ಸ್ಪಷ್ಟವಾಗಿ ಕೇಳಿಸಿತು. ಎಷ್ಟೋ ಹೊತ್ತಿನ ಮೇಲೆ ಶಾರದಕ್ಕ ಕೇಳಿದರು, "ಸ್ವರ ಎಂತಕ್ಕೆ ಹಾಂಗಿತ್ತ್?"

"ಶೀತ ಆಯ್ತ್ ಅಕ್ಕ."

"ಊಟ?"

"ಗಂಜಿ ಉಂಡೆ."

ಹಾಗೆ ದಾಟಿಕೊಂಡೆವು. ಮುಂದಿನ ಭಾನುವಾರ ಅವರು "ಗಿರಿಜಾ" ಅಂದಾಗ ನಾನು ತುಟಿ ಕಚ್ಚಿಕೊಂಡು ಮೂರನೇ ಕರೆಗೆ ಕಾದೆ. ಆ ಕರೆಗಳ ನಡುವಿನ ಖಾಲಿಯಲ್ಲಿ ಗಿರಿಜಕ್ಕನ ತುಟಿಯೂ ನನ್ನ ಜೊತೆಗೇ ಅಲ್ಲಾಡುತ್ತಿತ್ತು. ಯಾರು ಯಾರನ್ನು ಅನುಕರಿಸುತ್ತಿದ್ದೇವೆ ಅಂತ ಒಂದು ಕ್ಷಣ ನನಗೇ ಗೊತ್ತಾಗಲಿಲ್ಲ.

ಮಾತಿಗೆ ವಿಷಯ ಬೇಕಲ್ಲ. ಹಿತ್ತಿಲಲ್ಲಿ ಹೂವಿನ ಗಿಡ ಹಾಕಿದೀನಿ ಅಂದೆ, ಮೊಗ್ಗು ಬಂದಿದೆ ಅಂದೆ. ಯಾವ ಹೂ ಅಂತ ಹೇಳಲಿಲ್ಲ.

"ಮಳೆಗಾಲ್ದಗೆ ಮೊಗ್ಗಾ?" ಶಾರದಕ್ಕನ ದನಿ ಬದಲಾಯಿತು. ಆ ಮನೆಯಲ್ಲಿ ಹೂವು ಅಂದರೆ ಸೇವಂತಿಗೆ, ಅದು ಹಗಲು ಗಿಡ್ಡವಾದ ಮೇಲೆ ಬರುವಂಥದ್ದು. "ಹೊತ್ತಲ್ದ ಹೊತ್ತಗೆ ಬಂದದ್ದಾ ಹೆಣ್ಣೆ? ಹಾಂಗಾರೆ ಸುಮ್ನೆ ಕೊಯ್ಬೇಡ. ನೆಟ್ಟವ್ಳೇ ಮೂರ್ ಸಲ ಕರೀಕ್. ಬತ್ತೆ ಹೆಣ್ಣೆ ಅಂದೇಳಿ. ಇಲ್ದಿದ್ರೆ ಬಂದವ್ರ್ ಯಾರ್ ಅಂದೇಳಿ ಗಿಡಕ್ಕೆ ಗೊತ್ತಾತಿಲ್ಲೆ."

ಅದು ಅವರ ಮನೆಯ ಪದ್ಧತಿ. ಹಂಗಾಮಿನ ಮೊದಲ ಹೂವು ಕೊಯ್ಯುವ ಮುನ್ನ ನೆಟ್ಟವರು ಗದ್ದೆಯ ಅಂಚಿಗೆ ನಿಂತು, ಬರ್ತೀನಿ ಹೆಣ್ಣೆ ಅಂತ ಮೂರು ಸಲ ಕರೆಯುವುದು. ಫೋನಿಟ್ಟ ಮೇಲೆ ಗಿರಿಜಕ್ಕ ತಮ್ಮ ಗಂಟಲು ಮುಟ್ಟಿಕೊಂಡು, ಆಮೇಲೆ ಬೆರಳನ್ನು ನನ್ನ ಕಡೆಗೆ ತಿರುಗಿಸಿದರು.

ಆ ತಿಂಗಳ ಕೊನೆಯ ಭಾಗದಲ್ಲಿ ಗ್ರಹಣ ಬಂತು, ಬೆಳಗ್ಗೆ ಹತ್ತರ ಹೊತ್ತಿಗೆ. ನಮ್ಮಲ್ಲಿ ಪೂರ್ತಿ ಆಗಲಿಲ್ಲ, ಒಂದು ಉಗುರಿನಷ್ಟು ಸೂರ್ಯ ಉಳಿದ. ಗ್ರಹಣಕ್ಕೆ ಉಪವಾಸ ಮಾಡ್ತೀರಾ ಅಂತ ಕೇಳಿದ್ದಕ್ಕೆ "ಜೂನಿಂದ ಮಾಡ್ತಾ ಇದ್ದೇನೆ" ಅಂತ ಬರೆದು ತೋರಿಸಿದರು. ಹಿತ್ತಿಲಿಗೆ ಹೋದೆವು. ಬೆಳಕು ತಣ್ಣಗೆ, ಹಿತ್ತಾಳೆ ಬಣ್ಣಕ್ಕೆ ತಿರುಗಿತ್ತು. ಎಲೆಗಳ ಸಂದಿಯಿಂದ ಇಳಿದ ಬೆಳಕು ಆ ಕೆನೆಬಿಳಿ ಸೀರೆಯ ಮೇಲೆ ಬಿದ್ದು, ಸೀರೆ ತುಂಬ ನೂರಾರು ಸಣ್ಣ ಸಣ್ಣ ಚಂದ್ರ. ಒಂದೊಂದೂ ಕುಡುಗೋಲಿನಂತೆ ಬಾಗಿತ್ತು. ಗಿಡ ಉಸಿರಾಡಿದಾಗ ಎಲ್ಲ ಕುಡುಗೋಲೂ ಒಟ್ಟಿಗೆ ಹೊರಳಿದವು. ಹಕ್ಕಿಗಳು ಗೂಡಿಗೆ ಹೋದವು, ರಾವ್ ಗಾರು ಬಾಗಿಲು ಹಾಕಿಕೊಂಡರು, ಗಿಡಗಳು ಮಾತ್ರ ಕತ್ತೆತ್ತಿ ನಿಂತೇ ಇದ್ದವು. ಅವಕ್ಕೆ ಸೂರ್ಯ ಇದ್ದರೆಷ್ಟು, ಹೋದರೆಷ್ಟು. ಗಿರಿಜಕ್ಕ ಅಂಗೈ ಚಾಚಿ ಅದರ ಮೇಲೆ ಒಂದು ಕುಡುಗೋಲು ಬೀಳಿಸಿಕೊಂಡು ತುಂಬ ಹೊತ್ತು ನೋಡಿದರು. ಮಾರನೇ ದಿನ ತಕ್ಕಡಿ ನೂರಾ ಒಂದು ತೋರಿಸಿತು.

ಸೆಪ್ಟೆಂಬರ್ ಮೊದಲ ವಾರ ಹೊಗೆ ಮರಳಿ ಬಂತು, ಈ ಸಲ ಬೂದಿಯ ಜೊತೆಗೆ. ನಮ್ಮದೇ ಬೆಟ್ಟಗಳು ಉರಿಯುತ್ತಿದ್ದವು. ಬೆಳಗ್ಗೆ ಎದ್ದರೆ ಕಾರಿನ ಮೇಲೆ, ಬೇಲಿಯ ಮೇಲೆ, ಸೀರೆಗಳ ಭುಜದ ಮೇಲೆ ಬಿಳಿ ಬೂದಿ. ಅದೇ ತೊಂಬತ್ತನೇ ದಿನ. ಗಿಡದ ಬಿಳಿ ಕೂದಲು ಕಂದುಬಣ್ಣವಾಗಿತ್ತು, ತೆನೆಗಳು ಮೊಳಕ್ಕಿಂತ ಉದ್ದವಾಗಿ ಬಾಗಿದ್ದವು. ತಕ್ಕಡಿ ಸರಿಯಾಗಿ ನೂರು.

ಗಿರಿಜಕ್ಕ ತಲೆಗೆ ಸ್ಕಾರ್ಫು ಕಟ್ಟಿಕೊಂಡು, ಕತ್ತರಿ ಹಿಡಿದು ನನ್ನ ಪಕ್ಕ ನಿಂತರು. ಒಂದು ಕೈಯಲ್ಲಿ ನನ್ನ ತೋಳು ಹಿಡಿದಿದ್ದರು. ಕರೆಯಲು ಕಣ್ಣಲ್ಲೇ ಹೇಳಿದರು. ನನಗೆ ನಾಚಿಕೆ, ಭಯ, ಜೊತೆಗೆ ರಾವ್ ಗಾರು ಕೇಳಿಸಿಕೊಂಡರೆ ಏನು ಗತಿ ಅನ್ನುವ ಚಿಂತೆ. ಆದರೂ ಗಂಟಲಿಗೆ ಅವರನ್ನು ತಂದುಕೊಂಡೆ.

"ಬತ್ತೆ ಹೆಣ್ಣೆ, ಬತ್ತೆ."

ಬೂದಿ ಬೀಳುವುದಕ್ಕೆ ಸದ್ದಿಲ್ಲ.

"ಬತ್ತೆ ಹೆಣ್ಣೆ, ಬತ್ತೆ."

ಮೂರನೇ ಸಲ ಕರೆದಾಗ ನನ್ನ ದನಿ ಸ್ವಲ್ಪ ಒಡೆಯಿತು. ಸೀರೆಗಳ ನಡುವಿನಿಂದ ಉತ್ತರ ಬಂತು.

"ಹೋ."

ಗಿರಿಜಕ್ಕನ ಉಗುರು ನನ್ನ ತೋಳಿಗೆ ಇಳಿಯಿತು. ನಾನು ಅವರ ಬಾಯಿ ನೋಡಿದೆ, ಅವರು ನನ್ನ ಬಾಯಿ ನೋಡಿದರು. ಎರಡೂ ಮುಚ್ಚಿದ್ದವು. ಕೆನೆಬಿಳಿ ಸೀರೆಯ ಹಿಂದಿನಿಂದ ಒಂದು ಕಾಗೆ ಹಾರಿ ಬೇಲಿ ದಾಟಿತು. ಹಾಂ, ಕಾಗೆ, ಅಂದುಕೊಂಡೆ. ಇಲ್ಲಿಯ ಕಾಗೆಗಳು ಮನುಷ್ಯರ ದನಿ ಕಲಿಯುತ್ತವೆ ಅಂತ ಕೇಳಿದ್ದೆ. ನಾನು ತಿಂಗಳಿಂದ ಹಿತ್ತಿಲಲ್ಲಿ ಅಭ್ಯಾಸ ಮಾಡುತ್ತಿದ್ದೆನಲ್ಲ, ಕಳ್ಳನಿಂದ ಕಳ್ಳ ಕದ್ದಿರಬೇಕು. ನಕ್ಕು ಇದನ್ನು ಗಿರಿಜಕ್ಕನಿಗೆ ಹೇಳಿದೆ. ಅವರು ನಗಲಿಲ್ಲ. ಚೀಟಿ ತೆಗೆದು ಬೇಲಿಯ ಕಂಬಕ್ಕೆ ಒತ್ತಿ ಬರೆದರು:

"ನಿನ್ನಿಂದ ಕಲಿತರೆ ಹೋ ಉದ್ದ ಇರಬೇಕಿತ್ತು."

ಅದು ಗಿಡ್ಡವಾಗಿತ್ತು. ಕತ್ತರಿಸಿದ ಹಾಗೆ, ಅವರದೇ ಹೋ.

ಆದರೂ ಕೊಯ್ದರು. ಒಂದೊಂದೇ ತೆನೆ, ಊರಲ್ಲಿ ಹೂ ಕೊಯ್ಯುವ ಹಾಗೆ ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು. ನೆಲಮಾಳಿಗೆಯಲ್ಲಿ ನನ್ನ ಮಂಚದ ಪಕ್ಕವೇ ತಲೆಕೆಳಗಾಗಿ ಒಣಹಾಕಿದರು. ಎರಡು ವಾರ ನಾನು ಆ ವಾಸನೆಯಲ್ಲಿ ಮಲಗಿ ಕೆಲಸಕ್ಕೆ ಹೋದೆ. ಶೆಡ್ಡಿನಲ್ಲಿ ಎಲ್ಲರೂ ನನ್ನನ್ನು ಹೊಸ ಗೌರವದಿಂದ ನೋಡತೊಡಗಿದರು. ಒಣಗುವುದಕ್ಕೂ ಕಾಯದೆ ಮೊದಲು ಸಿಕ್ಕ ಸಣ್ಣ ಮೊಗ್ಗುಗಳನ್ನು ಗಿರಿಜಕ್ಕ ತುಪ್ಪದಲ್ಲಿ ಸಣ್ಣ ಉರಿಗೆ ಇಟ್ಟು ಸೋಸಿ, ಗಂಜಿಗೆ ಕಾಲು ಚಮಚ ಹಾಕಿಕೊಂಡರು. ಒಂದು ಗಂಟೆ ಕಳೆದ ಮೇಲೆ ತಟ್ಟೆ ಮುಂದಕ್ಕೆ ತಳ್ಳಿ ಇನ್ನೊಂದು ಸೌಟು ಅಂತ ಬೆರಳು ತೋರಿಸಿದರು. ಮೂರು ತಿಂಗಳಲ್ಲಿ ಮೊದಲ ಸಲ. ನಾನು ಸೌಟು ಹಿಡಿದುಕೊಂಡು ಮೂರ್ಖನ ಥರ ಅತ್ತೆ. ಅವರು ನನ್ನ ಅಳುವ ಮುಖವನ್ನೇ ಅಣಕಿಸಿ ತೋರಿಸಿದರು. ಚೆನ್ನಾಗಿಯೇ ಮಾಡಿದರು, ನನಗಿಂತ ಚೆನ್ನಾಗಿ.

ತಿಂಗಳ ಕೊನೆಗೆ ತಕ್ಕಡಿ ನೂರಾ ಐದು. ಸರ್ಜರಿ ಆಯಿತು. ದನಿ ಹೋಯಿತು, ಅವರು ಉಳಿದರು. ಜನವರಿಯಲ್ಲಿ ಕತ್ತಿಗೆ ರೇಷ್ಮೆ ಸ್ಕಾರ್ಫು ಸುತ್ತಿಕೊಂಡು ಊರಿಗೆ ಹೋದವರು ಮತ್ತೆ ಬರಲಿಲ್ಲ. ಅವರು ತಲುಪಿದ ಭಾನುವಾರ ನನ್ನ ಫೋನಿಗೆ ಕರೆ ಬಂತು.

"ಹ್ವಾಯ್, ನೀವಾ ನನ್ ತಂಗಿ?"

ಶಾರದಕ್ಕ ನಗುತ್ತಿದ್ದರು. "ಮೊದ್ಲ ದಿನವೇ ಗೊತ್ತಾಯ್ತ್ ಮಾಣಿ. ಗಿರಿಜಾ ಒಂದೇ ಕರೆಗೆ ಯಾವತ್ತ್ ಓಗೊಟ್ಟದ್ದ್? ಎದೆ ಡವಡವ ಅಂತ್. ಆಮೇಲೆ ಯೋಚ್ನೆ ಮಾಡ್ದೆ. ಅವ್ಳ ಸ್ವರ ಮಾಡುಕೆ ಒಬ್ಬ ಪಕ್ಕದಲ್ಲಿ ಇದ್ದ ಅಂದ್ರೆ ಅವ್ಳ್ ಒಬ್ಳೇ ಇಲ್ಲೆ ಅಂದೇಳಿ ಆಯ್ತಲ್ದಾ? ಅದಕ್ಕೆ ಸುಮ್ನಾದೆ." ಸ್ವಲ್ಪ ತಡೆದು, "ಈಗ ಒಂದ್ಸಲ ಅವ್ಳ ಸ್ವರ ಮಾಡ್, ಕಾಂಬ. ಅವ್ಳೂ ಇಲ್ಲೇ ಕೂತಿದ್ಲ್."

ಹಾಗೆ ಶುರುವಾದದ್ದು ವರ್ಷಗಟ್ಟಲೆ ನಡೆಯಿತು. ಪ್ರತಿ ಭಾನುವಾರ ಶಾರದಕ್ಕ ಮೂರು ಸಲ ಕರೆಯುವುದು, ನಾನು ಓಗೊಡುವುದು, ಗಿರಿಜಕ್ಕ ಪಕ್ಕದಲ್ಲಿ ಕೂತು ತಮ್ಮದೇ ಕಳೆದುಹೋದ ದನಿ ಕೇಳುವುದು. ಅವರು ಉಂಗುರದಿಂದ ಫೋನಿನ ಮೇಲೆ ಕುಟ್ಟುತ್ತಿದ್ದರು. ಸರಿ ಇದ್ದರೆ ಒಂದು, ತಪ್ಪಿದ್ದರೆ ಎರಡು. ನನ್ನ ಹೋ ಅನ್ನುವುದಕ್ಕೆ ಯಾವಾಗಲೂ ಎರಡು ಬೀಳುತ್ತಿತ್ತು. ಇಲ್ಲಿ ಅವರ ಮನೆಯನ್ನು ರೈಲು ನಿಲ್ದಾಣಕ್ಕಾಗಿ ಕೊಂಡು ಕೆಡವಿದರು, ನಾನು ಈಸ್ಟ್‌ಗೇಟಿಗೆ ಮನೆ ಬದಲಾಯಿಸಿದೆ, ಭಾನುವಾರ ಮಾತ್ರ ಬದಲಾಗಲಿಲ್ಲ.

ಈ ಮಳೆಗಾಲದಲ್ಲಿ ಗಿರಿಜಕ್ಕ ನಿದ್ದೆಯಲ್ಲೇ ಹೋದರು. ಹದಿಮೂರು ದಿನ ಕಳೆದು ಬಂದ ಮೊದಲ ಭಾನುವಾರವೇ ನಾನು ಆ ನಿಲ್ದಾಣದಲ್ಲಿ ನಿಂತಿದ್ದು. ಬದುಕಿರುವವರ ದನಿ ಕದ್ದರೆ ಅದು ಮಿಮಿಕ್ರಿ. ಸತ್ತವರದ್ದು ಮಾಡಿದರೆ ಅದಕ್ಕೆ ಏನನ್ನುತ್ತಾರೋ ನನಗೆ ಗೊತ್ತಿಲ್ಲ. ಗಿರಿಜಕ್ಕ ಹೇಳಿದ ಆ ಮತ್ತೊಂದು ನಾನೇ ಆಗಿಬಿಡುತ್ತೀನಿ ಅನ್ನಿಸಿತ್ತು. ಇನ್ನು ಮಾಡುವುದಿಲ್ಲ ಅಂತ ಗಟ್ಟಿ ಮಾಡಿಕೊಂಡಿದ್ದೆ. ಅದಕ್ಕೇ ಫೋನು ತೆಗೆಯಲಿಲ್ಲ.

ಫೋನು ಮತ್ತೆ ಗುರುಗುಟ್ಟಿತು. ಎಂಬತ್ತು ದಾಟಿದ ಮುದುಕಿ, ಎಷ್ಟು ಸಲ ಅಂತ ಫೋನು ಬಡಿಯಲು ಬಿಡಲಿ? ಇಲ್ಲ ಅಕ್ಕ, ನನ್ನಿಂದ ಆಗಲ್ಲ, ಅಂತ ನನ್ನದೇ ದನಿಯಲ್ಲಿ, ಅದು ಯಾವುದಾದರೂ ಸರಿ, ಹೇಳಿಬಿಡೋಣ ಅಂತ ತೆಗೆದೆ. ನಾನು ಶುರುಮಾಡುವ ಮೊದಲೇ ಅವರು ಕರೆದರು.

"ಗಿರಿಜಾ..."

ನಾನು ತುಟಿ ಬಿಗಿಹಿಡಿದೆ. ಆ ಹಲಸು, ನಿಂಬೆ, ಸುಟ್ಟ ಟೈರಿನ ವಾಸನೆ ಟಿಕೆಟ್ ಯಂತ್ರದ ಕಡೆಯಿಂದ ಇನ್ನೂ ಬರುತ್ತಲೇ ಇತ್ತು. ಟೋಪಿಯವನು ಹೋಗಿ ಎಷ್ಟೋ ಹೊತ್ತಾಗಿತ್ತು. ಪ್ಲಾಟ್‌ಫಾರಮ್ಮಿನಲ್ಲಿ ನಾನೊಬ್ಬನೇ.

"ಗಿರಿಜಾ..."

ಬಾಯಿ ತೆರೆಯಲಿಲ್ಲ. ಉಸಿರೂ ಬಿಡಲಿಲ್ಲ.

"ಗಿರಿಜಾ..."

"ಹೋ."

ಟಿಕೆಟ್ ಯಂತ್ರದ ಕಡೆಯಿಂದ ಬಂತು, ಗಿಡ್ಡಕ್ಕೆ; ನನ್ನ ತುಟಿ ಇನ್ನೂ ಬಿಗಿದೇ ಇತ್ತು. ಆಮೇಲೆ ಫೋನಿನಲ್ಲಿ ಶಾರದಕ್ಕ ತೃಪ್ತಿಯಿಂದ ನಿಟ್ಟುಸಿರು ಬಿಟ್ಟದ್ದು ಕೇಳಿಸಿತು.

"ಕಾಣ್ ಮಾಣಿ, ಇವತ್ತ್ ಸರಿಯಾಯ್ತ್."